ಮನೆಬಾಗಿಲಿಗೆ ಬರುವ ಔಷಧ

ಕಳೆದ ಮೇ ತಿಂಗಳಲ್ಲಿ ನನ್ನ ತಾಯಿಯವರಿಗಾಗಿ ಅಂತರಜಾಲದ ಮೂಲಕ ಇನ್ಸುಲಿನ್ ತರಿಸಿದ್ದೆ. ಕಿವಿ ಮಂದವಾಗಿರುವ ಅವರಿಗೆ ಕರೆಗಂಟೆ ಕೇಳಿಸಲಿಲ್ಲ. ನಾನು ಬ್ಯಾಂಕಿನಿಂದ ಮರಳುವವರೆಗೂ ಪೊಟ್ಟಣವು ಕಾವಲುಗಾರನ ಮೇಜಿನ ಮೇಲೆ ಬಿಸಿಲಿನಲ್ಲಿಯೇ ಇದ್ದಿತು. ತೆರೆಯದ ಇನ್ಸುಲಿನ್ನನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಡಬೇಕು. ಬಿಸಿಲಿಗೆ ಸತ್ತ್ವ ಕುಂದಿದರೂ ಅದು ನೋಡಲು ಮೊದಲಿನಂತೆಯೇ ಇರಬಹುದು. ಬಳಸದೆ ಎಸೆದೆವು.

ವೃದ್ಧರನ್ನು ಮನೆಯಲ್ಲಿ ಬಿಟ್ಟು ದುಡಿಯಹೋಗುವ ನಮ್ಮಂಥವರು ಈ ಅನುಕೂಲವನ್ನು ಬೇಡವೆನ್ನಲಾರೆವು. ಆದರೆ ಚೆಕ್ಕನ್ನು ಪರಿಶೀಲಿಸುವ ಕಣ್ಣಿನಿಂದಲೇ ಔಷಧವನ್ನೂ ನೋಡತಕ್ಕದ್ದು. 1945ರ ಔಷಧ ನಿಯಮಗಳಂತೆ ಷೆಡ್ಯೂಲ್ ಎಚ್‌ಗೆ ಸೇರಿದ ಮದ್ದುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದು. ಚೀಟಿಯನ್ನೇ ಕೇಳದೆ ಕಳುಹಿಸುವ ವ್ಯಾಪಾರಿಯನ್ನು ಉಪಕಾರಿಯೆಂದು ಭ್ರಮಿಸಬೇಡಿ. ದಾಸ್ತಾನಿನ ವಿಷಯದಲ್ಲಿಯೂ ಆತನ ನಿಷ್ಠೆ ಅಷ್ಟರದ್ದೇ ಇದ್ದೀತು.

ರಸೀತಿಯಲ್ಲಿ ಮಾರಿದ ಅಂಗಡಿಯ ವಿಳಾಸ, ಲೈಸೆನ್ಸ್ ಸಂಖ್ಯೆಗಳಿವೆಯೇ? ಅದರಲ್ಲಿನ ಬ್ಯಾಚ್ ಸಂಖ್ಯೆಯೇ ಮಾತ್ರೆಯ ಸ್ಟ್ರಿಪ್ಪಿನ ಮೇಲೂ ಇದೆಯೇ? ಹೆಸರು ಸರಿಯಿದ್ದರೆ ಸಾಲದು. 5 ಮಿಲಿಗ್ರಾಂ ಬರೆದಲ್ಲಿ 10 ಬಂದರೆ ರಕ್ತದೊತ್ತಡ ಮಿತಿಮೀರಿ ಇಳಿದೀತು. ಅವಧಿಯ ದಿನಾಂಕವಿರುವ ತುದಿಯನ್ನು ಕತ್ತರಿಸಿ ಕಳುಹಿಸಿದ್ದರೆ ಹಿಂದಿರುಗಿಸಿರಿ. 2023ರ ಆಗಸ್ಟ್ 1ರಿಂದ ತಯಾರಾಗುವ 300 ಪ್ರಮುಖ ಬ್ರಾಂಡುಗಳ ಮೇಲೆ ಕ್ಯೂಆರ್ ಸಂಕೇತ ಕಡ್ಡಾಯವಾಗಿದೆ. ಮೊಬೈಲಿನಿಂದ ಅದನ್ನು ಓದಿಸಿ ತಯಾರಕರ ಹೆಸರು, ಬ್ಯಾಚ್, ಅವಧಿಗಳನ್ನು ತಾಳೆ ನೋಡಬಹುದು. ನಮ್ಮ ಲೆಕ್ಕಪತ್ರಗಳಷ್ಟೂ ತೊಡಕಿನ ಕೆಲಸವಲ್ಲ!

ಮಾತ್ರೆಗಳನ್ನು ನಾನು ಈಗಲೂ ಅಂತರಜಾಲದಿಂದಲೇ ತರಿಸುತ್ತೇನೆ. ಇನ್ಸುಲಿನ್ನನ್ನು ಮಾತ್ರ ಬೀದಿಯ ಕೊನೆಯ ಅಂಗಡಿಯವರು ನನ್ನೆದುರಿಗೆ ಫ್ರಿಜ್ಜಿನಿಂದ ತೆಗೆದುಕೊಡಬೇಕು.