ಕಡಲು ನೋಡಿ ಬಂದ ಮೇಲೆ
ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ನಮಗೆ ಬಸ್ ಪ್ರವಾಸವೆಂದರೆ ಗೋಕರ್ಣ, ಮುರುಡೇಶ್ವರ, ಕಾರವಾರ. ಎರಡು ದಿನದ ಅಂಥ ಪ್ರವಾಸದಲ್ಲಿ ಗೈಡ್ ಅಣ್ಣ ಮಿರ್ಜಾನ ಕೋಟೆಯೊಳಗೆ ನಿಂತು ರಾಣಿ ಚೆನ್ನಭೈರಾದೇವಿಯ ಕಾಳುಮೆಣಸಿನ ವ್ಯಾಪಾರದ ಕತೆ ಹೇಳಿದಾಗ ಪಾಳು ಗೋಡೆಗೂ ಜೀವ ಬಂತು.

ನಮ್ಮ ಊರಿನ ಕತೆ ಹೇಳುವವರು ಯಾರು? ಘಟಪ್ರಭೆ ಹುಟ್ಟುವುದು ಪಶ್ಚಿಮ ಘಟ್ಟದಲ್ಲಿ, ಅರಬ್ಬಿ ಸಮುದ್ರದ ಹತ್ತಿರ. ಆದರೂ ಪೂರ್ವಕ್ಕೆ ಹರಿದು ಹಿಡಕಲ್ ಜಲಾಶಯ ತುಂಬಿಸಿ, ಗೋಕಾಕ ಫಾಲ್ಸ್‌ನಲ್ಲಿ ಸುಮಾರು 170 ಅಡಿ ಧುಮುಕಿ, ಕೃಷ್ಣೆಯನ್ನು ಸೇರುತ್ತದೆ. ಇಲ್ಲಿನ ನೀರಿನಿಂದ ವಿದ್ಯುತ್ತನ್ನೂ ತೆಗೆದರು. ಮಾರ್ಕಂಡೇಯ ನದಿಯ ಗೊಡಚಿನಮಲ್ಕಿ ಜಲಪಾತವೂ ದೂರವಿಲ್ಲ.

ಇದನ್ನೆಲ್ಲ ತಿಳಿಸಿ ಹೇಳುವುದೂ ಒಂದು ದುಡಿಮೆಯೇ. ಪದವಿ ಮುಗಿಸಿ ಕೆಲಸ ಹುಡುಕುತ್ತಿರುವ ಗೆಳೆಯರೇ, ಮಳೆಗಾಲದ ಒಂದು ಭಾನುವಾರ ಫಾಲ್ಸ್ ಬಳಿ ನಿಲ್ಲುವ ಗಾಡಿಗಳನ್ನು ಎಣಿಸಿ ನೋಡಿ.