ಬೆರಳ ತುದಿಯ ಸಾಕ್ಷಿ

ನನ್ನ ಸೋದರತ್ತೆಯವರಿಗೆ ಸಕ್ಕರೆ ಕಾಯಿಲೆ ಬಂದು ಹದಿನೇಳು ವರುಷಗಳಾದುವು. ವಾರಕ್ಕೆ ಮೂರು ದಿನ, ಕಾಫಿಗೆ ಮೊದಲು, ಅಡುಗೆಮನೆಯ ಕಿಟಕಿಯ ಬೆಳಕಿನಲ್ಲಿ ಕುಳಿತು ಬೆರಳಿಗೆ ಸೂಜಿ ಚುಚ್ಚಿಕೊಂಡು, ಬಂದ ಅಂಕಿಯನ್ನು ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದಿಡುವುದು ಅವರ ವಾಡಿಕೆ. ಕಳೆದ ಮಾಗಿಯ ಒಂದು ಮುಂಜಾನೆ ಅವರು ಸಕ್ಕರೆ ಅಳೆಯುವ ಯಂತ್ರವನ್ನು ಅಂಗೈಯಲ್ಲಿ ಹಿಡಿದುಕೊಂಡೇ ನನ್ನ ಬಳಿಗೆ ಬಂದು, "ನೋಡೋ, ಮುನ್ನೂರ ಹನ್ನೆರಡು ತೋರಿಸ್ತಿದೆ. ರಾತ್ರಿ ತಿಂದದ್ದು ಎರಡು ಚಪಾತಿ, ಅಷ್ಟೆ. ಇದು ಕೆಟ್ಟುಹೋಗಿದೆ, ಅಂಗಡಿಗೆ ವಾಪಸು ಕೊಟ್ಟು ಬಾ" ಎಂದರು. ಕೈ ತೊಳೆದುಕೊಂಡಿರಾ ಎಂದೆ. "ಸ್ಪಿರಿಟ್ ಹತ್ತಿಯಲ್ಲಿ ಒರೆಸಿಕೊಂಡೆನಲ್ಲ, ಇನ್ನೇನು ತೊಳೆಯೋದು?" ಎಂದು ತುಸು ಮುನಿಸಿನಿಂದಲೇ ಉತ್ತರ ಬಂದಿತು. ವಿಚಾರಿಸಿದ ಮೇಲೆ ತಿಳಿದದ್ದು ಇಷ್ಟು: ಅರ್ಧ ಗಂಟೆಯ ಹಿಂದೆ ಎಂಟು ವರುಷದ ಮೊಮ್ಮಗಳು ಕೆಮ್ಮುತ್ತ ಎದ್ದಳೆಂದು, ಹಿಪ್ಪಲಿಯ ಪುಡಿಯನ್ನು ಜೇನುತುಪ್ಪದಲ್ಲಿ ಉಂಗುರಬೆರಳಿನಿಂದಲೇ ಕಲಸಿ ನೆಕ್ಕಿಸಿದ್ದರು, ಸೂಜಿ ಚುಚ್ಚಿಕೊಂಡದ್ದೂ ಅದೇ ಬೆರಳಿಗೆ. ಸಾಬೂನು ಹಚ್ಚಿ ಉಗುರುಬೆಚ್ಚಗಿನ ನೀರಿನಲ್ಲಿ ಕೈ ತೊಳೆಸಿ, ಒಣಗಿದ ಟವಲಿನಿಂದ ಒರೆಸಿ, ಇನ್ನೊಂದು ಬೆರಳಿನಿಂದ ಹೊಸ ಹನಿಯನ್ನು ತೆಗೆದು ನೋಡಿದಾಗ ಬಂದ ಅಂಕಿ 124. ಯಂತ್ರ ಎರಡು ಬಾರಿಯೂ ಸತ್ಯವನ್ನೇ ನುಡಿದಿತ್ತು. ಮೊದಲನೆಯ ಬಾರಿ ಅದು ಅಳೆದದ್ದು ಅತ್ತೆಯವರ ರಕ್ತದೊಡನೆ ಜೇನುತುಪ್ಪವನ್ನು.

ಒರೆಸಿದ ಬೆರಳಿನಲ್ಲಿ ಉಳಿದಿರಬಹುದಾದ ಅಷ್ಟು ಅಲ್ಪವಾದ ಜೇನು ಇಷ್ಟು ದೊಡ್ಡ ಅನರ್ಥವನ್ನು ಮಾಡೀತೆ ಎಂದು ಸಂಶಯಪಡುವವರು ಸ್ವಲ್ಪ ಗಣಿತವನ್ನು ಮಾಡಿ ನೋಡಬೇಕು. ಒಂದು ಡೆಸಿಲೀಟರಿಗೆ 100 ಮಿಲಿಗ್ರಾಂ ಎಂಬ ಆರೋಗ್ಯವಂತರ ಮಟ್ಟದಲ್ಲಿ, ದೇಹದ ಸುಮಾರು ಐದು ಲೀಟರ್ ರಕ್ತದಲ್ಲೆಲ್ಲ ಕೂಡಿ ಇರುವ ಗ್ಲುಕೋಸು ಐದು ಗ್ರಾಂ, ಎಂದರೆ ಒಂದು ಚಮಚೆ. ಯಂತ್ರದ ಬಾಯಿಗೆ ನಾವು ಕೊಡುವುದು ಆ ಐದು ಲೀಟರುಗಳಲ್ಲಿ ಸುಮಾರು ಅರ್ಧ ಮೈಕ್ರೋಲೀಟರ್. ಸಾಸಿವೆ ಕಾಳಿಗಿಂತಲೂ ಕಿರಿದಾದ ಆ ಬಿಂದುವಿನಲ್ಲಿರುವ ಗ್ಲುಕೋಸು ಅರ್ಧ ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಮಿನ ಇಪ್ಪತ್ತು ಲಕ್ಷದ ಒಂದು ಪಾಲು. ಅದರೊಡನೆ ಇನ್ನೊಂದು ಮೈಕ್ರೋಗ್ರಾಂ ಬೆರೆತರೆ ಅಂಕಿ ಮೂರು ಪಟ್ಟಾಗುತ್ತದೆ. ಕಣ್ಣಿಗೂ ಕಾಣದ, ನಾಲಗೆಗೂ ತಿಳಿಯದ ಈ ಪ್ರಮಾಣವನ್ನು ಚರ್ಮದ ಗೆರೆಗಳೊಳಗಿಂದ ತೆಗೆಯಲು ಸ್ಪಿರಿಟ್ಟಿನ ಹತ್ತಿಯ ಒಂದು ಸವರಿಕೆ ಸಾಲದು. 2011ರಲ್ಲಿ ಜಪಾನಿನ ಸಂಶೋಧಕರು ಕಿತ್ತಳೆ, ದ್ರಾಕ್ಷಿ, ಕಿವಿ ಹಣ್ಣುಗಳನ್ನು ಸುಲಿದ ಕೈಗಳನ್ನು ಪರೀಕ್ಷಿಸಿ, ಹಾಗೆ ಒರೆಸಿದರೂ ಅಂಕಿ ಹುಸಿಯಾಗಿ ಏರಿಯೇ ಇರುವುದೆಂದೂ ನಲ್ಲಿಯ ನೀರಿನಲ್ಲಿ ತೊಳೆದರೆ ಸರಿಹೋಗುವುದೆಂದೂ ತೋರಿಸಿದರು. ಇಲ್ಲಿ ಒಂದು ವಿನೋದವೂ ಉಂಟು. ಚಹಾಕ್ಕೆ ಹಾಕುವ ಸಕ್ಕರೆ ಗ್ಲುಕೋಸಲ್ಲ, ಸುಕ್ರೋಸು. ಅದನ್ನು ಈ ಪಟ್ಟಿ ಗುರುತಿಸುವುದಿಲ್ಲ. ಸಕ್ಕರೆಯನ್ನು ಅಳೆಯುವುದೆಂದು ಹೆಸರಾದ ಯಂತ್ರ ಸಕ್ಕರೆ ಡಬ್ಬಿಯ ಮುಂದೆ ಮೌನವಾಗಿದ್ದು, ಜೇನು ಮತ್ತು ದ್ರಾಕ್ಷಿಗಳ ಮುಂದೆ ಮಾತ್ರ ಬಾಯಿಬಿಡುತ್ತದೆ.

ಪಟ್ಟಿ ಎಂದೆನಲ್ಲ, ಎಲ್ಲರೂ ಸ್ಟ್ರಿಪ್ ಎಂದು ಕರೆಯುವ ಆ ಪ್ಲಾಸ್ಟಿಕ್ಕಿನ ಚೂರೇ ಈ ವ್ಯವಸ್ಥೆಯ ಜೀವಾಳವೆಂಬುದನ್ನು ಜನ ಗಮನಿಸುವುದಿಲ್ಲ. ಬೆಲೆಬಾಳುವಂತೆ ಕಾಣುವ ಯಂತ್ರವು ವಾಸ್ತವವಾಗಿ ಒಂದು ಅಂಕಿಬರಹಗಾರ ಮಾತ್ರ. ಪಟ್ಟಿಯ ತುದಿಯಲ್ಲಿ ರಕ್ತವನ್ನು ತಾನಾಗಿಯೇ ಹೀರಿಕೊಳ್ಳುವ ಕೂದಲೆಳೆಯಂಥ ಒಂದು ನಾಳವಿದೆ. ಅದರ ತಳದಲ್ಲಿ ಇಂಗಾಲದಿಂದಲೋ ಲೋಹದಿಂದಲೋ ಮುದ್ರಿಸಿದ ವಿದ್ಯುದಗ್ರಗಳಿವೆ. ಅವುಗಳ ಮೇಲೆ ಒಂದು ಕಿಣ್ವವನ್ನು ಒಣಗಿಸಿ ಲೇಪಿಸಿರುತ್ತಾರೆ. ಬಹುಕಾಲದಿಂದ ಬಳಕೆಯಲ್ಲಿರುವ ಗ್ಲುಕೋಸ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಪಡೆಯುವುದು ಆಸ್ಪರ್ಜಿಲಸ್ ನೈಗರ್ ಎಂಬ ಬೂಷ್ಟಿನಿಂದ: ಹಳೆಯ ಈರುಳ್ಳಿಯ ಹೊರಸಿಪ್ಪೆಯನ್ನು ಸುಲಿದಾಗ ಕೈಗೆ ಹತ್ತುವ ಕಾಡಿಗೆಯಂಥ ಪುಡಿಯ ಕುಲವೇ ಅದು. ಕಿಣ್ವವು ಗ್ಲುಕೋಸಿನಿಂದ ಇಲೆಕ್ಟ್ರಾನುಗಳನ್ನು ಕಿತ್ತುಕೊಂಡು, ಮಧ್ಯವರ್ತಿಯಾದ ಒಂದು ರಾಸಾಯನಿಕಕ್ಕೆ ಒಪ್ಪಿಸುತ್ತದೆ. ಆ ದಲ್ಲಾಳಿ ಅವನ್ನು ವಿದ್ಯುದಗ್ರಕ್ಕೆ ತಲುಪಿಸುತ್ತದೆ. ಹೀಗೆ ಹರಿಯುವ ಅತ್ಯಲ್ಪ ವಿದ್ಯುತ್ತನ್ನು ಯಂತ್ರ ಐದಾರು ಸೆಕೆಂಡುಗಳಲ್ಲಿ ಅಳೆದು ಅಂಕಿಯಾಗಿ ಬರೆಯುತ್ತದೆ.

ಮೂತ್ರಕ್ಕೆ ಇರುವೆ ಮುತ್ತುವುದನ್ನು ಕಂಡು ಮಧುಮೇಹವೆಂದು ಹೆಸರಿಟ್ಟ ನಮ್ಮ ಪ್ರಾಚೀನ ವೈದ್ಯರಿಂದ ಇಲ್ಲಿಯವರೆಗಿನ ದಾರಿ ದೀರ್ಘವಾದುದು. 1965ರಲ್ಲಿ ಬಂದ ಡೆಕ್ಸ್ಟ್ರೋಸ್ಟಿಕ್ಸ್ ಎಂಬ ಪಟ್ಟಿಯ ಮೇಲೆ ದೊಡ್ಡದೊಂದು ಹನಿ ರಕ್ತವನ್ನಿಟ್ಟು, ಒಂದು ನಿಮಿಷ ಕಾದು, ತೊಳೆದು, ಮೂಡಿದ ನೀಲಿಯನ್ನು ಬಣ್ಣಗಳ ಪಟಕ್ಕೆ ಹೋಲಿಸಿ ನೋಡಬೇಕಾಗಿತ್ತು. ಕಿಣ್ವವನ್ನು ವಿದ್ಯುದಗ್ರದೊಡನೆ ಕೂಡಿಸುವ ಕಲ್ಪನೆಯನ್ನು ಅಮೆರಿಕದ ಲೆಲೆಂಡ್ ಕ್ಲಾರ್ಕ್ 1962ರಲ್ಲಿಯೇ ಮುಂದಿಟ್ಟಿದ್ದರೂ, ಆ ತತ್ತ್ವದ ಮೇಲೆ ನಡೆಯುವ ಲೇಖನಿಯ ಗಾತ್ರದ ಯಂತ್ರ ರೋಗಿಗಳ ಕೈಗೆ ಬಂದದ್ದು 1987ರಲ್ಲಿ.

ಕಿಣ್ವವೆಂಬುದು ಪ್ರೋಟೀನು, ಆದಕಾರಣ ಅದಕ್ಕೆ ಆರ್ದ್ರತೆ ಮತ್ತು ಉಷ್ಣ ಎರಡೂ ಶತ್ರುಗಳು. ಪಟ್ಟಿಗಳ ಡಬ್ಬಿಯ ಮುಚ್ಚಳವನ್ನು ತೆರೆಯುವಾಗ ಟಪ್ಪೆಂದು ಸದ್ದಾಗುವುದೂ, ಅದರ ಒಳಮೈಯಲ್ಲಿ ತೇವವನ್ನು ಹೀರುವ ವಸ್ತುವನ್ನು ಅಡಗಿಸಿಟ್ಟಿರುವುದೂ ಅಲಂಕಾರಕ್ಕಲ್ಲ. ಪಯಣಕ್ಕೆ ಹೊರಡುವಾಗ ನಾಲ್ಕೈದು ಪಟ್ಟಿಗಳನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಳ್ಳುವವರನ್ನೂ, ಹಳೆಯ ಡಬ್ಬಿಯ ಕೊನೆಯ ಪಟ್ಟಿಗಳನ್ನು ಹೊಸ ಡಬ್ಬಿಗೆ ಸುರಿಯುವವರನ್ನೂ, ಬೆಲೆಯ ವಸ್ತುವೆಂಬ ಅಕ್ಕರೆಯಿಂದ ಫ್ರಿಜ್ಜಿನಲ್ಲಿಡುವವರನ್ನೂ ನಾನು ಕಂಡಿದ್ದೇನೆ. ಕೊನೆಯವರ ಭಕ್ತಿಯೇ ಅವರಿಗೆ ಮುಳುವು: ತಣ್ಣಗಿನ ಡಬ್ಬಿಯನ್ನು ಮಂಗಳೂರಿನ ಆಷಾಢದ ಗಾಳಿಯಲ್ಲಿ ತೆರೆದರೆ, ಮಜ್ಜಿಗೆಯ ಲೋಟದ ಹೊರಮೈ ಬೆವರುವಂತೆ ಪಟ್ಟಿಗಳ ಮೇಲೆಯೂ ನೀರು ಕೂಡುತ್ತದೆ. ಹೆಚ್ಚಿನ ಪಟ್ಟಿಗಳ ಡಬ್ಬಿಯ ಮೇಲೆ 30 ಡಿಗ್ರಿ ಸೆಲ್ಸಿಯಸ್ ಮೀರದಂತೆ ಇಡತಕ್ಕದ್ದೆಂದು ಬರೆದಿರುತ್ತದೆ; ವೈಶಾಖದ ರಾಯಚೂರಿನಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಒಳಗಾಗಲಿ, ಯಾವ ಊರಿನಲ್ಲಿಯೇ ಆಗಲಿ ಒಲೆಯ ಪಕ್ಕದ ಗೂಡಿನಲ್ಲಾಗಲಿ ಆ ಮಿತಿ ಉಳಿಯುವಂತಿಲ್ಲ. ಡಬ್ಬಿಯನ್ನು ತೆರೆದ ದಿನವನ್ನು ಅದರ ಮೇಲೆಯೇ ಬರೆದಿಡುವುದು ಉತ್ತಮ, ಏಕೆಂದರೆ ಮುದ್ರಿತವಾದ ಅವಧಿ ಮುಚ್ಚಿದ ಡಬ್ಬಿಗೆ. ತೆರೆದ ಮೇಲೆ ಎಷ್ಟೋ ಪಟ್ಟಿಗಳ ಆಯುಷ್ಯ ಕೆಲವೇ ತಿಂಗಳು. ಹಳೆಯ ಮಾದರಿಯ ಯಂತ್ರಗಳಲ್ಲಿ ಡಬ್ಬಿಯ ಮೇಲಿನ ಸಂಕೇತಸಂಖ್ಯೆಯೂ ಪರದೆಯ ಸಂಖ್ಯೆಯೂ ಒಂದೇ ಆಗಿರಬೇಕು, ಇಲ್ಲವಾದರೆ ಪ್ರತಿಯೊಂದು ಅಂಕಿಯೂ ಒಂದೇ ಕಡೆಗೆ ವಾಲುತ್ತದೆ.

ಚುಚ್ಚುವ ವಿಧಾನದಲ್ಲಿಯೂ ತಪ್ಪಿಗೆ ಅವಕಾಶವುಂಟು. ಹನಿ ಬರಲಿಲ್ಲವೆಂದು ಹಸುವಿನ ಕೆಚ್ಚಲನ್ನು ಹಿಂಡುವಂತೆ ಬೆರಳನ್ನು ಹಿಂಡಿದರೆ, ಅಂಗಾಂಶಗಳ ನಡುವಣ ನೀರು ರಕ್ತದೊಡನೆ ಹೊರಬಂದು ಬೆರೆಯುತ್ತದೆ. ಕೈಯನ್ನು ಕೆಳಗಿಳಿಸಿ, ಬೆಚ್ಚಗಾಗಿಸಿ, ಬೆರಳ ತುದಿಯ ಪಕ್ಕಕ್ಕೆ ಚುಚ್ಚಿದರೆ ನೋವೂ ಕಡಿಮೆ, ರಕ್ತವೂ ಸಲೀಸು. ಸ್ಪಿರಿಟ್ ಆರುವ ಮುನ್ನ ಚುಚ್ಚಿದರೆ ಹನಿ ನಿಲ್ಲದೆ ಹರಡಿಹೋಗುತ್ತದೆ. ರಕ್ತವನ್ನು ಪಟ್ಟಿಯ ಮೇಲೆ ಸುರಿಯಬೇಕಾದ್ದಿಲ್ಲ. ನಾಳದ ಬಾಯನ್ನು ಹನಿಗೆ ತಾಗಿಸಿದರೆ ಸಾಕು, ಅದು ತಾನೇ ಕುಡಿಯುತ್ತದೆ. ಮೊದಲ ಹನಿ ಸಾಲದಾಯಿತೆಂದು ಮೇಲೆ ಇನ್ನೊಂದು ಹನಿಯನ್ನು ಸೇರಿಸುವ ಮಿತವ್ಯಯ ಬಹುಮಟ್ಟಿಗೆ ವ್ಯರ್ಥ: ಆ ವೇಳೆಗೆ ಕಿಣ್ವ ತನ್ನ ಕೆಲಸವನ್ನು ತೊಡಗಿಬಿಟ್ಟಿರುತ್ತದೆ.

ಯಂತ್ರವೇ ಕೆಟ್ಟಿರುವ ಸಂದರ್ಭಗಳು ವಿರಳ. ಹೊಸ ಯಂತ್ರ ಹೊತ್ತಿಕೊಳ್ಳದಿದ್ದರೆ ಬ್ಯಾಟರಿಯ ಬಳಿ ಪಾರದರ್ಶಕ ಪ್ಲಾಸ್ಟಿಕ್ಕಿನ ನಾಲಗೆಯೊಂದನ್ನು ಎಳೆದು ತೆಗೆಯಲು ಮರೆತಿರುತ್ತೇವೆ. ಹಳೆಯದು ಹೊತ್ತಿಕೊಳ್ಳದಿದ್ದರೆ ನಾಣ್ಯದಾಕಾರದ 3 ವೋಲ್ಟಿನ ಬ್ಯಾಟರಿ ಮುಗಿದಿರುತ್ತದೆ. ತೆಗೆದ ಬ್ಯಾಟರಿಯನ್ನು ಮಕ್ಕಳ ಕೈಗೆ ಸಿಕ್ಕದಂತೆ ಎಸೆಯಬೇಕು, ನುಂಗಿದರೆ ಪ್ರಾಣಾಪಾಯ. ಬ್ಯಾಟರಿ ಬದಲಾದಾಗ ಕೆಲವು ಯಂತ್ರಗಳಲ್ಲಿ ಗಡಿಯಾರವೂ ಹಿಂದಕ್ಕೆ ಸರಿದುಹೋಗುವುದರಿಂದ, ಬೆಳಗಿನ ಅಂಕಿಗಳೆಲ್ಲ ಮಧ್ಯರಾತ್ರಿಯವೆಂದು ದಾಖಲಾಗಿ ವೈದ್ಯರು ಗೊಂದಲಕ್ಕೀಡಾಗುವುದುಂಟು. ಅಂಕಿಯ ಬದಲು ಅಕ್ಷರಗಳು ಬಂದಾಗ ಅವನ್ನೆಲ್ಲ ದೋಷದ ಸೂಚನೆಯೆಂದು ತಿಳಿಯುವುದು ಅಪಾಯಕರ. ‘ಲೋ’ ಎಂದರೆ ಸಾಮಾನ್ಯವಾಗಿ 20ಕ್ಕಿಂತ ಕಡಿಮೆ, ‘ಹೈ’ ಎಂದರೆ ಬಹಳಷ್ಟು ಯಂತ್ರಗಳಲ್ಲಿ 600ಕ್ಕಿಂತ ಹೆಚ್ಚು; ಇವು ದೋಷಗಳಲ್ಲ, ಅಳತೆಯ ಫಲಗಳು. ನಮ್ಮ ಮನೆಯ ಹುಡುಗಿ ಪುಸ್ತಿಕೆಯ ಚಿತ್ರದಲ್ಲಿ ‘ಹೈ’ಯ ಎರಡು ಇಂಗ್ಲಿಷ್ ಅಕ್ಷರಗಳನ್ನು ಓದಿ, ಯಂತ್ರ ಅಜ್ಜಿಗೆ ‘ಹಾಯ್’ ಹೇಳುತ್ತದೆಂದು ನಕ್ಕಳು. ಪರದೆಯ ಮೇಲೆ ನಿಜವಾಗಿ ಹಾಗೆ ಬಂದಾಗ, ಕೈ ತೊಳೆದು ಮತ್ತೆ ನೋಡಿದರೂ ಬದಲಾಗದಿದ್ದರೆ, ತಡಮಾಡದೆ ಆಸ್ಪತ್ರೆಗೆ ಹೊರಡಬೇಕು.

ವಿದೇಶದ ಮಕ್ಕಳಿಂದ ಬಂದ ಯಂತ್ರಗಳ ಕಥೆ ಬೇರೆ. ಲಂಡನ್ನಿನಿಂದ ಮಗಳು ತಂದುಕೊಟ್ಟ ಯಂತ್ರದಲ್ಲಿ 7.2 ಎಂಬ ಅಂಕಿಯನ್ನು ಕಂಡು ನಮ್ಮ ನೆರೆಮನೆಯ ಹಿರಿಯರೊಬ್ಬರು, ತಾವು ಇನ್ನೂ ಉಸಿರಾಡುತ್ತಿರುವುದೇ ಆಶ್ಚರ್ಯವೆಂದುಕೊಂಡು ಲೋಟ ತುಂಬ ಪಾನಕ ಕುಡಿದರು. ಬ್ರಿಟನ್ನಿನಲ್ಲಿ ಲೀಟರಿಗೆ ಇಷ್ಟು ಮಿಲಿಮೋಲ್ ಎಂದು ಅಳೆಯುವುದು ವಾಡಿಕೆ. ಅದನ್ನು 18ರಿಂದ ಗುಣಿಸಿದರೆ ನಮ್ಮ ಲೆಕ್ಕ ದೊರೆಯುತ್ತದೆ. ಅವರ ಸಕ್ಕರೆ ಪಾನಕಕ್ಕೆ ಮೊದಲು 130 ಇದ್ದಿತು. ಅನಂತರ ಎಷ್ಟಾಯಿತೆಂದು ಅವರು ಹೇಳಲಿಲ್ಲ.

ಇಷ್ಟನ್ನೆಲ್ಲ ಸರಿಪಡಿಸಿದ ಮೇಲೆಯೂ, ಒಂದೇ ನಿಮಿಷದಲ್ಲಿ ಎರಡು ಬೆರಳುಗಳಿಂದ ನೋಡಿದರೆ ಒಮ್ಮೆ 118, ಒಮ್ಮೆ 131 ಬರುವುದುಂಟು. ಇದು ಕೆಟ್ಟ ಯಂತ್ರದ ಲಕ್ಷಣವೆಂದು ಜಗಳವಾಡುವವರು ಯಂತ್ರ ಕೊಟ್ಟ ಮಾತನ್ನು ಓದಿಲ್ಲ. 2013ರ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, ನಿಜವಾದ ಮಟ್ಟ 100 ಅಥವಾ ಹೆಚ್ಚಾಗಿದ್ದರೆ ನೂರರಲ್ಲಿ ತೊಂಬತ್ತೈದು ಅಳತೆಗಳು ಶೇಕಡ 15ರ ಆಚೀಚೆಯೊಳಗೂ, 100ಕ್ಕಿಂತ ಕಡಿಮೆಯಿದ್ದರೆ 15 ಮಿಲಿಗ್ರಾಮಿನ ಆಚೀಚೆಯೊಳಗೂ ಬಂದರೆ ಸಾಕು. ಎಂದರೆ ನಿಜವಾದ 200ನ್ನು 170 ಎಂದರೂ 230 ಎಂದರೂ ಯಂತ್ರ ನಿರ್ದೋಷಿ. ಪ್ರಯೋಗಶಾಲೆಯ ವರದಿಯೊಡನೆ ಹೋಲಿಸುವವರು ಉಪವಾಸದ ಹೊತ್ತಿನಲ್ಲಿ ಹೋಲಿಸುವುದು ಮೇಲು, ಏಕೆಂದರೆ ಊಟವಾದ ಮೇಲೆ ಬೆರಳ ತುದಿಯ ರಕ್ತದಲ್ಲಿ ತೋಳಿನ ರಕ್ತನಾಳಕ್ಕಿಂತ ಗ್ಲುಕೋಸು ಸಹಜವಾಗಿಯೇ ಹೆಚ್ಚು. ಪ್ರಯೋಗಶಾಲೆಯೂ ಪ್ರಮಾದಾತೀತವೇನಲ್ಲ: ಕೊಳವೆಯೊಳಗೆ ಜೀವಂತವಾಗಿಯೇ ಇರುವ ರಕ್ತಕಣಗಳು ಗಂಟೆಗೆ ಶೇಕಡ 5ರಿಂದ 7ರಷ್ಟು ಗ್ಲುಕೋಸನ್ನು ತಿನ್ನುತ್ತಲೇ ಇರುತ್ತವೆ, ಅದನ್ನು ತಡೆಯಲೆಂದೇ ಸೋಡಿಯಂ ಫ್ಲೋರೈಡ್ ಬೆರೆಸಿದ, ಬೂದುಬಣ್ಣದ ಮುಚ್ಚಳದ ಕೊಳವೆಯನ್ನು ಬಳಸುತ್ತಾರೆ.

ಪಟ್ಟಿಯನ್ನೇ ಪರೀಕ್ಷಿಸಬೇಕೆಂದರೆ, ಗ್ಲುಕೋಸಿನ ಪ್ರಮಾಣ ಗೊತ್ತಿರುವ ‘ಕಂಟ್ರೋಲ್ ಸೊಲ್ಯೂಶನ್’ ಎಂಬ ದ್ರವವುಂಟು. ಅದರ ಒಂದು ಹನಿಗೆ ಬರುವ ಅಂಕಿ ಡಬ್ಬಿಯ ಮೇಲೆ ಮುದ್ರಿಸಿದ ಎಲ್ಲೆಯೊಳಗಿರಬೇಕು. ನಮ್ಮ ಬೀದಿಯ ಔಷಧದಂಗಡಿಯಲ್ಲಿ ಇದನ್ನು ಕೇಳಿದಾಗ ಕೊಟ್ಟದ್ದು ಸ್ಪಿರಿಟ್ಟಿನ ಸೀಸೆ. ಯಂತ್ರದ ಕಂಪೆನಿಗೆ ಬರೆದು ತರಿಸಬೇಕಾಯಿತು. ಮನೆಯಲ್ಲಿಯೇ ಸಕ್ಕರೆನೀರು ಕಲಸಿ ಪರೀಕ್ಷಿಸಿದರೆ ಏನಾಗುವುದೆಂಬುದನ್ನು, ಮೇಲಿನ ಸುಕ್ರೋಸಿನ ಮಾತನ್ನು ನೆನೆದವರಿಗೆ ಹೇಳಬೇಕಾಗಿಲ್ಲ.

ಕಡೆಗೆ, ಕೈಯೂ ಪಟ್ಟಿಯೂ ಯಂತ್ರವೂ ಸರಿಯಿದ್ದು ರಕ್ತವೇ ಸಾಕ್ಷಿಯನ್ನು ತಿರುಚುವ ಪ್ರಸಂಗಗಳಿವೆ. ರಕ್ತಹೀನತೆಯಿಂದ ಕೆಂಪುಕಣಗಳು ಕಡಿಮೆಯಾದವರಲ್ಲಿ ಅಂಕಿ ನಿಜಕ್ಕಿಂತ ಮೇಲೇರುವುದು ಸಾಮಾನ್ಯ. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಎಷ್ಟು ವ್ಯಾಪಕವೆಂದು ಬಲ್ಲವರಿಗೆ ಇದು ಸಣ್ಣ ಮಾತಲ್ಲ, ಏಕೆಂದರೆ ಹುಸಿಯಾಗಿ ಏರಿದ ಅಂಕಿ ನಿಜವಾಗಿ ಕುಸಿಯುತ್ತಿರುವ ಸಕ್ಕರೆಯನ್ನು ಮರೆಮಾಡುತ್ತದೆ. ಹೆಚ್ಚು ಪ್ರಮಾಣದಲ್ಲಿ ಕೊಟ್ಟ ಸಿ ಜೀವಸತ್ತ್ವವೂ ತನ್ನ ಇಲೆಕ್ಟ್ರಾನುಗಳನ್ನು ವಿದ್ಯುದಗ್ರಕ್ಕೆ ಒಪ್ಪಿಸಿ, ತಾನೇ ಗ್ಲುಕೋಸೆಂದು ನಟಿಸುತ್ತದೆ. ಗ್ಲುಕೋಸ್ ಆಕ್ಸಿಡೇಸಿನ ಪಟ್ಟಿಗಳಲ್ಲಿ ಆಮ್ಲಜನಕವು ಮಧ್ಯವರ್ತಿಯ ಪ್ರತಿಸ್ಪರ್ಧಿಯಾದುದರಿಂದ, ಕೇದಾರದಂಥ ಎತ್ತರದ ಯಾತ್ರಾಸ್ಥಳಗಳ ತೆಳುಗಾಳಿಯಲ್ಲಿ ಅಂಕಿ ಏರುಪೇರಾಗಬಹುದು. ಇನ್ನೊಂದು ಜಾತಿಯ ಕಿಣ್ವವು ಮಾಲ್ಟೋಸನ್ನೂ ಗ್ಲುಕೋಸೆಂದೇ ಭ್ರಮಿಸುತ್ತಿದ್ದು, ಹೊಟ್ಟೆಯ ಮೂಲಕ ಡಯಾಲಿಸಿಸ್ ಮಾಡಿಸಿಕೊಳ್ಳುವವರ ದ್ರವದಲ್ಲಿನ ಐಕೋಡೆಕ್ಸ್ಟ್ರಿನ್ ದೇಹದಲ್ಲಿ ಮಾಲ್ಟೋಸಾಗಿ ಒಡೆದು, ಇಲ್ಲದ ಸಕ್ಕರೆಯನ್ನು ತೋರಿಸಿ, ಬೇಡದ ಇನ್ಸುಲಿನ್ನಿನಿಂದ ಸಾವುಗಳೂ ಸಂಭವಿಸಿದ ಮೇಲೆ, 2009ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಾರ್ವಜನಿಕ ಎಚ್ಚರಿಕೆಯನ್ನು ಹೊರಡಿಸಿತು.

ಯಂತ್ರದ ಮೇಲಿನ ಸಂಶಯವನ್ನು ಬದಿಗಿಡಬೇಕಾದ ಒಂದು ಗಳಿಗೆಯೂ ಉಂಟು. ಕೈ ನಡುಗಿ, ಮೈ ಬೆವರಿ, ಅಂಕಿ 70ಕ್ಕಿಂತ ಕೆಳಗಿದ್ದಾಗ ಪಟ್ಟಿಯ ಅವಧಿಯನ್ನು ಓದುತ್ತ ಕೂರಬಾರದು. ಮೊದಲು ಮೂರು ಚಮಚೆ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, ಹದಿನೈದು ನಿಮಿಷದ ಮೇಲೆ, ಕೈ ತೊಳೆದು, ಮತ್ತೆ ನೋಡತಕ್ಕದ್ದು. ಯಾವ ಲಕ್ಷಣವೂ ಇಲ್ಲದೆ ಅಂತಹ ಅಂಕಿ ಬಂದರೂ ಅದನ್ನು ಸುಳ್ಳೆಂದು ತಳ್ಳಿಹಾಕದೆ ಒಡನೆಯೇ ಮರುಪರೀಕ್ಷೆ ಮಾಡಬೇಕು, ಏಕೆಂದರೆ ಬಹುಕಾಲದ ರೋಗಿಗಳಲ್ಲಿ ಆ ನಡುಕ, ಆ ಬೆವರು ಕ್ರಮೇಣ ಮಾಯವಾಗುವುದುಂಟು.

ಅತ್ತೆಯವರ ಹಾಲಿನ ಪುಸ್ತಕದಲ್ಲಿ ಆ ದಿನದ 312 ಹಾಗೆಯೇ ಇದೆ. ಹೊಡೆದುಹಾಕಿ ಎಂದರೆ ಅವರು ಕೇಳಲಿಲ್ಲ. ಅದರ ಮುಂದೆ 124 ಎಂದು ಬರೆದು, ಎರಡರ ನಡುವೆ ಸಣ್ಣ ಅಕ್ಷರಗಳಲ್ಲಿ ‘ಜೇನು’ ಎಂದು ಸೇರಿಸಿದ್ದಾರೆ. ಅದರ ಕೆಳಗಿನ ಸಾಲಿನಲ್ಲಿ, ಅರ್ಧ ಲೀಟರು ಹಾಲು ಹೆಚ್ಚಿಗೆ.