ಶ್ರೀಲಂಕಾದ ಸಾಲ: ನಾವು ನಂಬಿದ್ದು, ಅಲ್ಲಿ ನಡೆದದ್ದು

2022ರ ಏಪ್ರಿಲ್ 12ರಂದು ಶ್ರೀಲಂಕಾ ವಿದೇಶಿ ಸಾಲದ ಕಂತು ಕಟ್ಟುವುದನ್ನು ನಿಲ್ಲಿಸಿತು. ಸ್ವಾತಂತ್ರ್ಯ ಬಂದ ಮೇಲೆ ಆ ದೇಶ ಹೀಗೆ ಕೈಚೆಲ್ಲಿದ್ದು ಅದೇ ಮೊದಲು. ಪೆಟ್ರೋಲ್ ಬಂಕ್‌ಗಳ ಮುಂದಿನ ಉದ್ದನೆಯ ಸರತಿ, ಅಧ್ಯಕ್ಷರ ನಿವಾಸಕ್ಕೆ ನುಗ್ಗಿದ ಜನ, ಎಲ್ಲವನ್ನೂ ನಾವು ಟಿ.ವಿ.ಯಲ್ಲಿ ನೋಡಿದೆವು. ಆಗ ಹಬ್ಬಿದ ಕೆಲವು ಮಾತುಗಳು ಇಂದಿಗೂ ನಮ್ಮಲ್ಲಿ ಸತ್ಯವೆಂದೇ ಚಲಾವಣೆಯಲ್ಲಿವೆ.

‘ಚೀನಾದ ಸಾಲದ ಬಲೆಗೆ ಬಿದ್ದು ಲಂಕೆ ಮುಳುಗಿತು, ಸಾಲಕ್ಕೆ ಬದಲಾಗಿ ಹಂಬನ್‌ತೋಟ ಬಂದರನ್ನು ಚೀನಾ ಕಿತ್ತುಕೊಂಡಿತು’ ಎನ್ನುವುದು ಮೊದಲನೆಯದು. ಸಾಲ ಕೊಟ್ಟ ದೇಶಗಳಲ್ಲಿ ಚೀನಾ ದೊಡ್ಡದು, ನಿಜ. ಆದರೆ ಅದಕ್ಕಿಂತ ಭಾರವಾಗಿದ್ದದ್ದು ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಬಾಂಡ್ ಮಾರಿ ಎತ್ತಿದ ಸಾಲ, ಸುಮಾರು 1,250 ಕೋಟಿ ಡಾಲರ್. ಅದಕ್ಕೆ ಬಡ್ಡಿ ಹೆಚ್ಚು, ಅಸಲನ್ನು ಒಂದೇ ಗಂಟಾಗಿ ಹಿಂತಿರುಗಿಸಬೇಕು. ಬಂದರಿನ ಕಥೆಯೂ ಬೇರೆ. 2017ರಲ್ಲಿ ಅದನ್ನು ಚೀನಾದ ಕಂಪನಿಗೆ 99 ವರ್ಷದ ಗುತ್ತಿಗೆಗೆ ಕೊಟ್ಟಾಗ ಬಂದ ಸುಮಾರು 112 ಕೋಟಿ ಡಾಲರ್ ವಿದೇಶಿ ವಿನಿಮಯದ ಖಜಾನೆಗೆ ಸೇರಿತು. ಬಂದರು ಕಟ್ಟಲು ತಂದ ಸಾಲ ಮನ್ನಾ ಆಗಲಿಲ್ಲ, ಸರ್ಕಾರದ ತಲೆಯ ಮೇಲೇ ಉಳಿಯಿತು.

ರಾಸಾಯನಿಕ ಗೊಬ್ಬರ ನಿಷೇಧಿಸಿದ್ದೇ ಎಲ್ಲಕ್ಕೂ ಕಾರಣ ಎನ್ನುವವರೂ ಇದ್ದಾರೆ. 2021ರ ಆ ಅವಸರದ ನಿರ್ಧಾರ ಭತ್ತ, ಚಹಾ ಬೆಳೆದವರನ್ನು ಹಿಂಡಿದ್ದು ಹೌದು. ಆದರೆ ಬೊಕ್ಕಸ ಬರಿದಾಗತೊಡಗಿದ್ದು ಅದಕ್ಕೂ ಮೊದಲು, 2019ರ ಕೊನೆಯಲ್ಲಿ ಮೌಲ್ಯವರ್ಧಿತ ತೆರಿಗೆಯನ್ನು (ವ್ಯಾಟ್) ಶೇ 15ರಿಂದ ಶೇ 8ಕ್ಕೆ ಇಳಿಸಿದಾಗ. ಬೆನ್ನಿಗೇ ಕೋವಿಡ್ ಬಂದು ಪ್ರವಾಸಿಗರೂ ಇಲ್ಲವಾದರು.

ಎಲ್ಲಕ್ಕಿಂತ ಆಳವಾಗಿ ಬೇರೂರಿರುವ ನಂಬಿಕೆ, ಏನೇ ಆದರೂ ಸಾಲ ತೀರಿಸುವುದೇ ಮರ್ಯಾದೆ ಎನ್ನುವುದು. ಮನೆಯ ಸಾಲಕ್ಕೆ ನಾವು ಒಪ್ಪುವ ಈ ನೀತಿಯನ್ನು ದೇಶಕ್ಕೆ ಹಾಗೇ ಅನ್ವಯಿಸಿದರೆ ಏನಾಗುತ್ತದೆ ಎಂಬುದಕ್ಕೆ 2022ರ ಜನವರಿ ಸಾಕ್ಷಿ. ಆ ತಿಂಗಳು ಅವಧಿ ಮುಗಿದ 50 ಕೋಟಿ ಡಾಲರ್ ಬಾಂಡನ್ನು ಶ್ರೀಲಂಕಾ ಪೂರ್ತಿ ತೀರಿಸಿತು. ಈಗ ಕೊಡಬೇಡಿ, ಸಾಲ ಕೊಟ್ಟವರನ್ನು ಮಾತುಕತೆಗೆ ಕರೆಯಿರಿ, ಇರುವ ಡಾಲರನ್ನು ಔಷಧ, ಇಂಧನ, ಆಹಾರಕ್ಕೆ ಉಳಿಸಿಕೊಳ್ಳಿ ಎಂದು ಅಲ್ಲಿನ ಅರ್ಥಶಾಸ್ತ್ರಜ್ಞರೇ ಬೇಡಿಕೊಂಡಿದ್ದರು. ಯಾರೂ ಕಿವಿಗೊಡಲಿಲ್ಲ. ಮೇ ತಿಂಗಳ ಹೊತ್ತಿಗೆ ಬಳಸಲು ಸಿಗುವ ವಿದೇಶಿ ವಿನಿಮಯ 5 ಕೋಟಿ ಡಾಲರ್‌ಗಿಂತಲೂ ಕಡಿಮೆ ಎಂದು ಹಣಕಾಸು ಸಚಿವರು ಸಂಸತ್ತಿನಲ್ಲಿ ಹೇಳಬೇಕಾಯಿತು. ಆಸ್ಪತ್ರೆಗಳಲ್ಲಿ ಔಷಧವಿಲ್ಲದೆ ಶಸ್ತ್ರಚಿಕಿತ್ಸೆಗಳನ್ನು ಮುಂದೂಡಿದರು. ಬಾಂಡ್ ಕೊಂಡವರು ಅಪಾಯವಿದೆ ಎಂದು ತಿಳಿದೇ ಹೆಚ್ಚಿನ ಬಡ್ಡಿ ಪಡೆಯುತ್ತಿದ್ದವರು. ಆ ಅಪಾಯ ನಿಜವಾದಾಗ ನಷ್ಟದಲ್ಲಿ ಅವರೂ ಪಾಲು ಹೊರುವುದೇ ನ್ಯಾಯ. ತಡವಾಗಿ ನಿಲ್ಲಿಸಿದ್ದು ತಪ್ಪೇ ಹೊರತು ನಿಲ್ಲಿಸಿದ್ದು ತಪ್ಪಲ್ಲ.

‘ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಹಣ ಕೊಟ್ಟು ಸಾಲ ತೀರಿಸಿತು’ ಎಂಬುದೂ ಸುಳ್ಳು. 2023ರ ಮಾರ್ಚ್ 20ರಂದು ಅದು ಒಪ್ಪಿದ್ದು ನಾಲ್ಕು ವರ್ಷಗಳಲ್ಲಿ ಕಂತಾಗಿ ಕೊಡುವ ಸುಮಾರು 300 ಕೋಟಿ ಡಾಲರ್. ಮೊದಲ ಕಂತು 33 ಕೋಟಿ. ಇದಕ್ಕಿಂತ ಹೆಚ್ಚಿನ ನೆರವನ್ನು, ಸುಮಾರು 400 ಕೋಟಿ ಡಾಲರಿನಷ್ಟು, 2022ರಲ್ಲೇ ಭಾರತ ಕೊಟ್ಟಿತ್ತು. ಐಎಂಎಫ್‌ನ ತೂಕವಿರುವುದು ಹಣದಲ್ಲಲ್ಲ, ಷರತ್ತುಗಳಲ್ಲಿ. ಅದರ ಒಪ್ಪಿಗೆ ಸಿಗುವ ಮೊದಲೇ ವಿದ್ಯುತ್ ದರ 2022ರ ಆಗಸ್ಟ್‌ನಲ್ಲಿ ಶೇ 75, ಮತ್ತೆ 2023ರ ಫೆಬ್ರುವರಿಯಲ್ಲಿ ಶೇ 66 ಏರಿತು. ಶೇ 8ಕ್ಕೆ ಇಳಿದಿದ್ದ ವ್ಯಾಟ್ 2024ರ ಜನವರಿಯಲ್ಲಿ ಶೇ 18 ಆಯಿತು. ಅಕ್ಕಿಯಷ್ಟೇ ಕೊಳ್ಳಬಲ್ಲವನೂ ಕಾರು ಕೊಳ್ಳಬಲ್ಲವನೂ ಒಂದೇ ದರದ ವ್ಯಾಟ್ ತೆತ್ತರೆ ಯಾರ ಬೆನ್ನು ಬಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ದೇಶದೊಳಗಿನ ಸಾಲದ ಹೊರೆ ಇಳಿಸಲು ಹೊರಟಾಗಲೂ ಹಾಗೇ ಆಯಿತು. 2023ರಲ್ಲಿ ಬ್ಯಾಂಕುಗಳ ಕೈಯಲ್ಲಿದ್ದ ರೂಪಾಯಿ ಲೆಕ್ಕದ ಸರ್ಕಾರಿ ಬಾಂಡ್‌ಗಳನ್ನು ಮುಟ್ಟಲಿಲ್ಲ. ಬ್ಯಾಂಕುಗಳು ಕುಸಿದರೆ ಠೇವಣಿದಾರರು ಮುಳುಗುತ್ತಾರೆ ಎಂಬುದು ಸರ್ಕಾರದ ಸಮರ್ಥನೆ. ಭವಿಷ್ಯ ನಿಧಿಗಳು ಮಾತ್ರ ತಮ್ಮ ಬಾಂಡ್‌ಗಳನ್ನು ಕಡಿಮೆ ಬಡ್ಡಿಯ ಹೊಸ ಬಾಂಡ್‌ಗಳಿಗೆ ಬದಲಿಸಬೇಕಾಯಿತು, ಇಲ್ಲದಿದ್ದರೆ ಆ ನಿಧಿಗಳ ಮೇಲಿನ ತೆರಿಗೆ ಶೇ 14ರಿಂದ ಶೇ 30ಕ್ಕೆ ಏರುತ್ತಿತ್ತು. ಅದು ಗಾರ್ಮೆಂಟ್ ಕಾರ್ಖಾನೆಗಳಲ್ಲಿ, ಖಾಸಗಿ ಕಚೇರಿಗಳಲ್ಲಿ ದುಡಿಯುವವರ ನಿವೃತ್ತಿಯ ಹಣ. ಆ ಆಯ್ಕೆಯನ್ನು ಅನ್ಯಾಯವೆನ್ನದೆ ಬೇರೇನೂ ಎನ್ನಲಾರೆ.

ಹಣದುಬ್ಬರ ಇಳಿಯಿತು, ಆದ್ದರಿಂದ ಬೆಲೆ ಇಳಿಯಿತು ಎಂಬ ನಂಬಿಕೆಯೂ ಇದೆ. ಕೊಲಂಬೊದಲ್ಲಿ 2022ರ ಸೆಪ್ಟೆಂಬರ್‌ನಲ್ಲಿ ಶೇ 70ರ ಹತ್ತಿರವಿದ್ದ ಹಣದುಬ್ಬರ ಒಂದೇ ವರ್ಷದಲ್ಲಿ ಶೇ 1.3ಕ್ಕೆ ಬಂತು. ಅಂದರೆ ಏರಿದ ಬೆಲೆ ಅಲ್ಲೇ ನಿಂತು, ಮುಂದಕ್ಕೆ ಏರುವ ವೇಗ ತಗ್ಗಿತು ಅಷ್ಟೆ. ಸಂಬಳ ಆ ಎತ್ತರಕ್ಕೆ ಏರಲಿಲ್ಲ. ಆಮದು 2021ರಲ್ಲಿ ಸುಮಾರು 2,060 ಕೋಟಿ ಡಾಲರ್ ಇದ್ದದ್ದು 2023ರಲ್ಲಿ 1,680 ಕೋಟಿಗೆ ಇಳಿದು ವಿದೇಶಿ ಲೆಕ್ಕ ಸರಿಹೋಯಿತು. ಆ ಇಳಿಕೆಯ ಒಂದು ಪಾಲು ಜನ ಕೊಳ್ಳಲಾಗದೆ ಬಿಟ್ಟದ್ದು.

2024ರಲ್ಲಿ ಶ್ರೀಲಂಕಾದ ಆರ್ಥಿಕತೆ ಶೇ 5ರಷ್ಟು ಬೆಳೆಯಿತು. ವಿಶ್ವಬ್ಯಾಂಕಿನ ಅಂದಾಜಿನ ಪ್ರಕಾರ ಅದೇ ವರ್ಷ ಅಲ್ಲಿನ ಸುಮಾರು ನಾಲ್ಕರಲ್ಲಿ ಒಬ್ಬರು ಬಡವರು. 2019ರಲ್ಲಿ ಆ ಪ್ರಮಾಣ ಒಂಬತ್ತರಲ್ಲಿ ಒಬ್ಬರಷ್ಟಿತ್ತು.